ಯಾವ ಕಡೆಯ ಮಾತು

ಪೊಲೀಸ್ ಜೀಪು ಇಟ್ಟಿಗೆ ಗೂಡಿನ ಶೆಡ್ಡುಗಳ ಮುಂದೆ ನಿಂತಾಗ ಗೂಡಿನಲ್ಲಿ ಕೂಲಿಗಿದ್ದ ಸಲ್ಮಾ ಅಲ್ಲಿರಲಿಲ್ಲ. ಶಾಮಲಮ್ಮನ ಹಿತ್ತಿಲಲ್ಲಿ ಕೂತು ಮುದುಕಿಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಪೊಲೀಸರನ್ನು ಹಿತ್ತಿಲಿಗೆ ಕರೆತಂದವನು ಶಾಮಲಮ್ಮನ ಮಗ ಶಿವಕುಮಾರ್.

ಅವನಿಗೂ ಬೇರೆ ದಾರಿಯಿರಲಿಲ್ಲ. ಮಾಲೂರಿನ ಸುತ್ತಲ ಗೂಡುಗಳಲ್ಲಿ ಬಾಂಗ್ಲಾದೇಶದವರು ಸೇರಿಕೊಂಡಿದ್ದಾರೆ, ಹುಡುಕಿ ಹೊರಗೆ ಹಾಕಿ ಎಂದು ಮೆರವಣಿಗೆ ತೆಗೆದವನೇ ಅವನು. ಈಗ ತನ್ನ ಮನೆಗೆ ಬಂದುಹೋಗುವವಳನ್ನೇ ಬಿಟ್ಟರೆ ಊರು ನಗುತ್ತದೆ.

“ಅವಳು ಮಾಲ್ಡಾದವಳು ಕಣೋ,” ಎಂದಳು ಶಾಮಲಮ್ಮ. “ಅದು ಬಂಗಾಳ, ಈ ದೇಶದಲ್ಲೇ ಇದೆ.”

“ನಿಂಗೆ ಹೆಂಗಮ್ಮ ಗೊತ್ತು?”

ಶಾಮಲಮ್ಮ ತಡವರಿಸಿದಳು. “ಅವಳೇ ಹೇಳಿದ್ಲು.”

“ಎಲ್ರೂ ಹಂಗೇ ಹೇಳೋದು.”

ಸಲ್ಮಾ ಕೈ ತೊಳೆದುಕೊಂಡು ಸೆರಗು ಹೊದ್ದು ಜೀಪು ಹತ್ತಿದಳು. ಅಳಲಿಲ್ಲ.

ಶಾಮಲಮ್ಮನಿಗೆ ತವರಿನ ಕಡೆಯವರು ಅಂತ ಯಾರೂ ಇರಲಿಲ್ಲ. ಗಂಡ ಮುನಿರಾಮಪ್ಪ ಸೈನ್ಯದಲ್ಲಿದ್ದಾಗ ಒಂದು ಸಲ ರಜೆಗೆ ಬರುತ್ತಾ ಅವಳನ್ನು ಮದುವೆ ಮಾಡಿಕೊಂಡೇ ಬಂದಿದ್ದ. ವಿಶಾಖಪಟ್ಟಣದ ಕಡೆಯವಳು, ಹೆತ್ತವರಿಲ್ಲ ಎಂದಿದ್ದ. ಅತ್ತೆ ತೆಲುಗಿನಲ್ಲಿ ಮಾತಾಡಿಸಿದರೆ ಹೊಸ ಸೊಸೆ ಸುಮ್ಮನೆ ತಲೆಯಾಡಿಸುತ್ತಿದ್ದಳು. ಆ ಕಡೆಯ ತೆಲುಗೇ ಬೇರೆ ಎಂದು ಮುನಿರಾಮಪ್ಪ ನಕ್ಕು ತೇಲಿಸುತ್ತಿದ್ದ. ವರ್ಷ ಕಳೆಯುವಷ್ಟರಲ್ಲಿ ಅವಳು ಕನ್ನಡವನ್ನೂ ಕಲಿತಳು, ತೆಲುಗನ್ನೂ ಕಲಿತಳು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಮುನಿರಾಮಪ್ಪ ತೀರಿಕೊಂಡ ಮೇಲೆ ಅವಳೇ ಮಾತು ಕಡಿಮೆ ಮಾಡಿದಳು.

ಸಲ್ಮಾ ಬಂದ ಮೇಲೆ ಮುದುಕಿಯ ಮುಖಕ್ಕೆ ಕಳೆ ಬಂದಿತ್ತು. ಇಬ್ಬರೂ ಹಿತ್ತಿಲ ಕಲ್ಲಿನ ಮೇಲೆ ಕೂತು ಗುಸುಗುಸು ಅನ್ನುತ್ತಿದ್ದರು. ಸೊಸೆ ವಾಣಿಶ್ರೀ ಬಂದರೆ ನಿಲ್ಲಿಸುತ್ತಿದ್ದರು.

“ಅವಳಿಗೆ ಕನ್ನಡ ಬರಲ್ಲ. ಅದೇನತ್ತೆ ಅಷ್ಟೊತ್ತು ಮಾತಾಡ್ತೀರಾ?” ಎಂದು ವಾಣಿಶ್ರೀ ಕೇಳಿದ್ದಳು.

“ಮಂಡಿ ನೋವಿಗೆ ಯಾವ ಭಾಷೆ ಬೇಕೇ?” ಎಂದಿದ್ದಳು ಶಾಮಲಮ್ಮ.

ವಾಣಿಶ್ರೀಗೆ ಅನುಮಾನ ಅಂಟಿತು. ಆ ಹೆಂಗಸು ತನ್ನ ಗುಟ್ಟನ್ನೆಲ್ಲ ಅತ್ತೆಯ ಮುಂದೆ ಬಿಚ್ಚಿಟ್ಟಿದ್ದಾಳೆ, ಅತ್ತೆ ಮರುಕಕ್ಕೆ ಬಿದ್ದು ಮುಚ್ಚಿಡುತ್ತಿದ್ದಾಳೆ ಎಂದು ಗಂಡನ ಕಿವಿಗೆ ಹಾಕಿದ್ದಳು.

ಜೀಪು ಹೋದ ಮೇಲೆ ಶಾಮಲಮ್ಮ ಚಪ್ಪಲಿ ಮೆಟ್ಟಿದಳು. “ನಾನೂ ಠಾಣೆಗೆ ಬರ್ತೀನಿ.”

“ನೀನ್ಯಾಕಮ್ಮ? ನನ್ನ ಮಗಳು ಧನಶ್ರೀಗೆ ಪೊಲೀಸ್ ಕೆಲಸ ಸಿಗೋ ಹೊತ್ತು. ಮನೆಯವರ ಹಿಂದುಮುಂದು ಎಲ್ಲಾ ವಿಚಾರಿಸ್ತಾ ಇದ್ದಾರೆ. ನಿನ್ನ ಹೆಸರು ಅಲ್ಲಿ ಬರೋದು ಬೇಡ.”

ಶಾಮಲಮ್ಮ ಹೋಗಿ ಕಾರಿನಲ್ಲಿ ಕೂತಳು. ದಾರಿಯುದ್ದಕ್ಕೂ ತುಟಿ ಅಲುಗುತ್ತಿತ್ತು. ಹೇಳಿಬಿಡಬೇಕು. ಸಾಯುವ ವಯಸ್ಸಿನಲ್ಲಿ ಇನ್ನೇನು ಹೆದರಿಕೆ?

ಠಾಣೆಯಲ್ಲಿ ಗೂಡಿನ ಮೇಸ್ತ್ರಿ ಚಂದ್ರು ಆಗಲೇ ವಾದಕ್ಕಿಳಿದಿದ್ದ. “ಎಲ್ರನ್ನೂ ಓಡಿಸಿಬಿಡಿ ಸಾರ್. ಆಮೇಲೆ ಆ ಬೆಂಕಿ ಮುಂದೆ ನಿಲ್ಲೋಕೆ ನಮ್ಮೋರು ಯಾರು ಬರ್ತಾರೆ ನೋಡೋಣ. ಈಯಮ್ಮ ಆಧಾರ್ ಕಾರ್ಡೂ ತೋರಿಸಿದ್ದಾಳೆ.”

“ಕಾರ್ಡು ದುಡ್ಡಿಗೆ ಸಿಗುತ್ತೆ ಚಂದ್ರು,” ಎಂದ ಶಿವಕುಮಾರ್. “ಯಾರು ಬೇಕಾದ್ರೂ ನುಗ್ಗಬಹುದು ಅಂದ್ರೆ ಗಡಿ ಯಾಕೆ, ಕಾಯೋಕೆ ಸೈನಿಕರು ಯಾಕೆ? ನಮ್ಮಪ್ಪ ಅಲ್ಲಿ ಪ್ರಾಣ ಒತ್ತೆ ಇಟ್ಟಿದ್ದು ಯಾಕೆ?”

ಶಾಮಲಮ್ಮ ಮಗನ ಮುಖ ನೋಡಿದಳು. ಅಪ್ಪನದೇ ಮೂಗು, ಅಪ್ಪನದೇ ಗತ್ತು.

ಸಬ್ ಇನ್ಸ್‌ಪೆಕ್ಟರ್ ಮುರಳಿಮೋಹನ್ ಕೆಟ್ಟವನಲ್ಲ. ಸಲ್ಮಾಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಡಿಸಿದ್ದ. “ಮೇಲಿನವರು ಇವರನ್ನೆಲ್ಲ ಗಡಿ ದಾಟಿಸಿ ಅಂತಿದ್ದಾರೆ. ವ್ಯಾನು ಬಂದಿದೆ. ಈ ಕಡೆ ಬಂಗಾಳಿಗೂ ಆ ಕಡೆ ಬಂಗಾಳಿಗೂ ಮಾತು ಬೇರೆಯಂತೆ. ಕೇಳಿ ಹೇಳೋರು ಒಬ್ಬರು ಸಿಕ್ಕಿದ್ರೂ ಈಯಮ್ಮನನ್ನ ತಡೆದು ನಿಲ್ಲಿಸ್ತೀನಿ. ಮಾಲೂರಲ್ಲಿ ಅಂಥವರನ್ನ ಎಲ್ಲಿಂದ ತರಲಿ?”

“ಅಲ್ಲಿ ಅವಳಿಗೆ ಯಾರೂ ಇಲ್ಲವಂತೆ ಸಾರ್,” ಎಂದ ಚಂದ್ರು.

ಶಾಮಲಮ್ಮ ಗೋಡೆ ಹಿಡಿದು ಎದ್ದಳು. “ಸಾಮಿ, ಒಂದು ಮಾತು.”

ಎಲ್ಲರೂ ತಿರುಗಿದರು. ಶಿವಕುಮಾರ್ ಹತ್ತಿರ ಬಂದು ದನಿ ತಗ್ಗಿಸಿದ. “ಅವಳು ನಿಂಗೇನೋ ಹೇಳಿದ್ದಾಳೆ. ನೀನು ಬಚ್ಚಿಟ್ಟಿದ್ದೀಯ ಅಂತ ನಂಗೆ ಗೊತ್ತು. ಹೇಳೋದಾದ್ರೆ ಹೇಳು. ಆದ್ರೆ ಧನಶ್ರೀನ ನೆನಪಿಟ್ಕೊಂಡು ಹೇಳು.”

ಮುದುಕಿ ಮತ್ತೆ ಗೋಡೆ ಹಿಡಿದಳು. ಬೆಂಚಿನ ಮೇಲಿದ್ದ ಸಲ್ಮಾ ಅದನ್ನು ಕಂಡಳು. ಎದ್ದು ಬಂದು ಅವಳ ಎರಡೂ ಕೈ ಹಿಡಿದು, ತನ್ನ ಭಾಷೆಯಲ್ಲಿ ಮೆಲ್ಲಗೆ ಒಂದು ಮಾತು ಹೇಳಿದಳು.

“ಏನಂದ್ಲಮ್ಮ?” ಮುರಳಿಮೋಹನ್ ಮುಂದೆ ಬಾಗಿದ. “ಇಷ್ಟು ದಿನ ಜೊತೆಗಿದ್ದೀರಿ. ಏನಾದ್ರೂ ತಿಳೀತಾ?”

ಶಾಮಲಮ್ಮ ಕೈ ಬಿಡಿಸಿಕೊಂಡಳು.

“ನಂಗೇನು ತಿಳಿಯುತ್ತೆ ಸಾಮಿ? ಬೇರೆ ದೇಶದ ಮಾತು.”

ಅಷ್ಟು ಸಾಕಾಯಿತು. ಸಲ್ಮಾಳನ್ನು ಬೇರೆಯವರ ಜೊತೆ ವ್ಯಾನಿಗೆ ಹತ್ತಿಸಿದರು. ಅವಳು ಹಿಂತಿರುಗಿ ನೋಡಲಿಲ್ಲ. ವ್ಯಾನು ಬೆಂಗಳೂರಿನ ದಾರಿ ಹಿಡಿಯಿತು.

ಶಿವಕುಮಾರ್ ಅಮ್ಮನ ತೋಳು ಹಿಡಿದು ಕಾರಿನಲ್ಲಿ ಕೂರಿಸಿದ. “ಬೇಜಾರು ಮಾಡ್ಕೋಬೇಡಮ್ಮ,” ಎಂದ. “ಕಾನೂನು ಎಲ್ರಿಗೂ ಒಂದೇ.”

ಸಲ್ಮಾ ಬಂಗಾಳಿಯಲ್ಲಿ ಹೇಳಿದ್ದರಲ್ಲಿ ಒಂದಕ್ಷರವೂ ಶಾಮಲಮ್ಮನಿಗೆ ತಪ್ಪಿರಲಿಲ್ಲ: “ಹೆದರಬೇಡ ತಾಯಿ, ಗಡಿಯ ಆಚೆಯಿಂದ ಬಂದವಳು ನೀನು ಎಂದು ನಾನು ಯಾರಿಗೂ ಹೇಳುವುದಿಲ್ಲ.”