ಹೆಜ್ಜೆ ಹಿಡಿಯದ ಹುಲ್ಲು

ನರ್ಸರಿಯ ಜವರಪ್ಪ ಎರಡು ಬಗೆಯ ಹುಲ್ಲು ತಂದು ಅಂಗಳದಲ್ಲಿಟ್ಟ.

"ಇದು ಮೆತ್ತನೇದು. ತುಳಿದ ಹೆಜ್ಜೆ ಹತ್ತು ವರ್ಷ ಆದ್ರೂ ಇಟ್ಕೊಂಡಿರ್ತದೆ. ಎಲ್ರೂ ಇದನ್ನೇ ಕೇಳೋದು. ಅದು ಗಟ್ಟಿ ಜಾತಿ. ಬಿಸಿಲಿಗೆ ಒಣಗಲ್ಲ, ವಾರಕ್ಕೆರಡು ಸಲ ನೀರು ಬಿಟ್ರೆ ಸಾಕು. ಆದ್ರೆ ಹೆಜ್ಜೆ ನಿಲ್ಲಲ್ಲ ಕಣಮ್ಮ, ಕಾಲೆತ್ತಿದ ಕೂಡ್ಲೆ ಎದ್ಬಿಡ್ತದೆ."

"ಗಟ್ಟೀದೇ ಹಾಕಿ," ಎಂದಳು ವಿಮಲಾಕ್ಷಿ.

ಹಳೆಯ ಹುಲ್ಲಿನ ಮೇಲೆ ಅವಳ ಮಗಳು ಚಾರುವಿನ ಪುಟ್ಟ ಹೆಜ್ಜೆಗಳು ಬಾಗಿಲಿನಿಂದ ನಲ್ಲಿಗೆ, ನಲ್ಲಿಯಿಂದ ಗೇಟಿಗೆ ಓಡಿದ್ದವು. ಚಾರು ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನಿಂದ ಮನೆಗೆ ಬಂದವರೆಲ್ಲ, ಹಾಲಿನವನೂ ಸಹ, ಕಾಂಪೌಂಡ್ ಗೋಡೆಯ ಅಂಚಿನಲ್ಲೇ ನಡೆಯುತ್ತಿದ್ದರು. ಅಂಥ ಮನೆಗಳಲ್ಲಿ ಹಾಗೆ ನಡೆಯಬೇಕೆಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಜವರಪ್ಪ ಹಳೆಯದನ್ನು ಚೌಕ ಚೌಕವಾಗಿ ಕತ್ತರಿಸಿ ಎಬ್ಬಿಸಿದ. "ಒಂದು ತುಂಡು ಕುಂಡದಲ್ಲಿ ಇಟ್ಕೋತೀರಾ? ಸುಮಾರು ಜನ ಇಟ್ಕೋತಾರೆ."

"ಬೇಡ. ಕಾಫಿ ಮಾಡ್ತೀನಿ, ಇರಿ."

ಸಂಜೆಯ ಹೊತ್ತಿಗೆ ಹೊಸ ಹುಲ್ಲು ಹಾಸಿ, ನೀರು ಚಿಮುಕಿಸಿ, ಅವನು ಗೇಟಿನ ಬಳಿ ನಿಂತ. "ಮನೆಯೋರು ಒಂದ್ಸಲ ತುಳೀಬೇಕು, ಬೇರು ಮಣ್ಣಿಗೆ ಕೂತ್ಕೊಳ್ಳಲಿ. ಬಾಗಿಲಿಂದ ನೇರ ಇಲ್ಲಿಗೆ ಬನ್ನಿ."

ವಿಮಲಾಕ್ಷಿ ಚಪ್ಪಲಿ ಬಿಟ್ಟು ನಡೆದು ಬಂದಳು. ಅವಳ ಹಿಂದೆಯೇ ಹುಲ್ಲು ಎದ್ದು ನಿಂತಿತು. ತಿರುಗಿ ನೋಡಿದಾಗ ಅಂಗಳದಲ್ಲಿ ಯಾರ ಗುರುತೂ ಇರಲಿಲ್ಲ. ಅವಳಿಗೆ ಏನೂ ಅನಿಸಲಿಲ್ಲ.

"ಯಾಕಮ್ಮ," ಎಂದ ಜವರಪ್ಪ, "ನೇರ ಬನ್ನಿ ಅಂದ್ರೆ ಗೋಡೆ ಪಕ್ಕದಲ್ಲೇ ಸುತ್ತಿಕೊಂಡು ಬಂದ್ರಲ್ಲ?"