ಗಾದಿ ಕಾರ್ಖಾನೆಯ ದೇವಿ

“ಮೊದಲ ಆ ಕಲ್ಲು ತಗೀರಿ,” ಎಂದಳು ಸಂಘಮಿತ್ರಾ.

ಯಾರೂ ಅಲುಗಾಡಲಿಲ್ಲ. ಗಾದಿ ಹೊಲಿಯುವ ಹೆಂಗಸರು ಸೂಜಿ ಹಿಡಿದೇ ಎದ್ದು ಬಂದು ಕಲ್ಲಿನ ಸುತ್ತ ನಿಂತಿದ್ದರು. ಬೆಳಿಗ್ಗೆ ಕಾರ್ಖಾನೆ ತೆಗೆದಾಗ ಅದು ಅರಿಸಿನ ಕುಂಕುಮ ಹಚ್ಚಿಕೊಂಡು ಓಣಿಯ ಗೋಡೆಗೆ ಆತು ಕೂತಿತ್ತು. ನುಣುಪಾದ ದುಂಡು ಕಲ್ಲು. ಮೂಡಲಗಿಯ ಕರಿಮಣ್ಣಿನಲ್ಲಿ ಅಂಥದ್ದು ಹುಡುಕಿದರೂ ಸಿಗದು. ದೇವಿ ತಾನೇ ಬಂದಳೆಂದು ಮಧ್ಯಾಹ್ನದೊಳಗೆ ತೀರ್ಮಾನವಾಗಿತ್ತು.

ಓಣಿ ಎಂದರೆ ಎರಡು ಶೆಡ್ಡುಗಳನ್ನು ಕೂಡಿಸುವ ದಾರಿ. ಮುಂದಿನ ಶೆಡ್ಡಿನಲ್ಲಿ ಹತ್ತಿ, ಹಿಂದಿನದರಲ್ಲಿ ಹೊಲಿಗೆ. ಹಿಂದಿನವರು ಹೊರಗೆ ಓಡಲು ಇದ್ದ ಒಂದೇ ಬಾಗಿಲು ಓಣಿಯಲ್ಲಿತ್ತು. ಅಲ್ಲಿ ಸದಾ ಹತ್ತಿಯ ಗಂಟುಗಳ ರಾಶಿ, ಮರೆಯಲ್ಲಿ ಬೀಡಿ. ಸುರಕ್ಷತೆ ನೋಡಿಕೊಳ್ಳಲು ಬರುತ್ತಿದ್ದ ಸಂಘಮಿತ್ರಾ ಬೋರ್ಡು ಹಾಕಿದ್ದಳು. ನೆಲಕ್ಕೆ ಹಳದಿ ಪಟ್ಟಿ ಬಳಿದಿದ್ದಳು. ಅವಳ ಉಗುರಿನಲ್ಲಿ ಇನ್ನೂ ಹಳದಿ ಇತ್ತು, ಪಟ್ಟಿಯ ಮೇಲೆ ಮಾತ್ರ ಮತ್ತೆ ಗಂಟುಗಳು ಬಿದ್ದಿದ್ದವು.

“ಎರಡು ಶೆಡ್ ಅಂದ್ರ ಎರಡು ಕಟ್ಟಡರಿ, ಒಂದಕ್ಕ ಬೆಂಕಿ ಬಿದ್ರ ಇನ್ನೊಂದಕ್ಕ ಹತ್ತಂಗಿಲ್ಲ,” ಎನ್ನುತ್ತಿದ್ದರು ಮಾಲೀಕ ಮುರಿಗೆಪ್ಪ.

“ನಡುವ ಓಣಿ ಐತಿ ಅಂದ್ರ ಒಂದ ಕಟ್ಟಡ, ಸಾವಕಾರ್ರ. ಬೆಂಕಿಗೆ ನಿಮ್ಮ ಲೆಕ್ಕ ತಿಳಿಯಂಗಿಲ್ಲ.”

ಈಗ ಅವಳ ಸಿಟ್ಟೆಲ್ಲ ಕಲ್ಲಿನ ಮೇಲೆ. “ಓಣಿ ಖಾಲಿ ಇರಬೇಕು. ದೇವರೂ ಬ್ಯಾಡ.”

“ಮುಟ್ಟಿ ನೋಡ್ರಿ,” ಎಂದಳು ಹಿರಿಯಳಾದ ಹನಮವ್ವ. “ಪಗಾರ ಬಿಡ್ತೀವಿ, ದೇವೀನ ಬಿಡಂಗಿಲ್ಲ.”

ಮುರಿಗೆಪ್ಪನವರ ಕೊರಳಲ್ಲೇ ಇಷ್ಟಲಿಂಗವಿತ್ತು, ಬೇರೆ ಕಲ್ಲು ಅವರಿಗೆ ಬೇಕಿರಲಿಲ್ಲ. ಆದರೆ ಈ ಹುಡುಗಿ ತೆಗೆಯಿರಿ ಎಂದಳಲ್ಲ, ಅಷ್ಟು ಸಾಕಾಯಿತು. “ಇರ್ಲಿ ಬಿಡ್ರಿ,” ಎಂದರು.

ಸಂಘಮಿತ್ರಾ ಹಟ ಮಾಡಿ ಗೆದ್ದದ್ದು ಒಂದನ್ನೇ: ದೀಪವಿಲ್ಲ, ಊದಿನಕಡ್ಡಿಯಿಲ್ಲ. ಬೇಕಾದರೆ ಕೊಡಗಟ್ಟಲೆ ನೀರು ಇಡಲಿ.

ಹೆಂಗಸರು ಅವಳ ಮೇಲಿನ ಜಿದ್ದಿಗೇ ದೇವಿಯನ್ನು ಕಾದರು. ದೇವಿಯ ಎದುರು ಗಂಟು ಒಟ್ಟಲು ಬಂದವರನ್ನು ಹನಮವ್ವ ಬೈದು ಅಟ್ಟಿದಳು. ಬೀಡಿ ಸೇದುವವರು ಗೇಟಿನಾಚೆ ಹೋದರು. ಪ್ರತಿ ಭೇಟಿಯಲ್ಲೂ ಸಂಘಮಿತ್ರಾ ಕಲ್ಲು ತೆಗೆಯಿರಿ ಎಂದಳು, ಪ್ರತಿ ಸಲವೂ ಓಣಿ ಇನ್ನಷ್ಟು ಸ್ವಚ್ಛವಾಯಿತು.

ಬೇಸಿಗೆಯ ಒಂದು ಮಧ್ಯಾಹ್ನ ಮುಂದಿನ ಶೆಡ್ಡಿನ ಮೋಟಾರಿನಿಂದ ಕಿಡಿ ಹಾರಿತು. ಹತ್ತಿ ಭಗ್ಗೆಂದಿತು. ಹಿಂದಿನ ಶೆಡ್ಡಿನ ಹೆಂಗಸರು ಕೈ ಕೈ ಹಿಡಿದು ಖಾಲಿ ಓಣಿಯ ಬಾಗಿಲಿನಿಂದ ಹೊರಗೆ ಬಂದರು. ಒಬ್ಬರಿಗೂ ಏನೂ ಆಗಲಿಲ್ಲ. ಬೆಂಕಿ ಓಣಿಯ ತನಕ ಬಂತು, ಸುಡಲು ಏನೂ ಸಿಗದೆ ಅಲ್ಲೇ ನಿಂತಿತು.

ಸುದ್ದಿ ಕೇಳಿ ಓಡಿಬಂದ ಸಂಘಮಿತ್ರಾಳನ್ನು ಮುರಿಗೆಪ್ಪ ಕಲ್ಲಿನ ಮುಂದೆ ನಿಲ್ಲಿಸಿದರು. “ತಗೀರಿ ಅಂತಿದ್ರಿ. ಈಗರೆ ಕೈ ಮುಗೀರಿ.”

ಅವಳು ಎಣಿಸಿ ನೋಡುವವಳಂತೆ ಹೆಂಗಸರ ಮುಖಗಳನ್ನೆಲ್ಲ ನೋಡಿದಳು. ಕಣ್ಣು ತುಂಬಿತ್ತು. ಆದರೂ ಕೈ ಮೇಲೇಳಲಿಲ್ಲ.

“ನಾ ಮುಗಿಯಂಗಿಲ್ರಿ. ನಮ್ಮನ್ಯಾಗ ಬುದ್ಧನ ಫೋಟೋ ಒಂದ ಐತಿ.”

“ಎಂಥಾ ಸೊಕ್ಕಿನಾಕಿ,” ಎಂದಳು ಹನಮವ್ವ.

ಸಂಘಮಿತ್ರಾ ಸ್ಕೂಟರ್ ಹತ್ತಿದಳು. ಮರುದಿನ ಸಂಕೇಶ್ವರದ ಕಾರ್ಖಾನೆಗೆ ಹೋಗಬೇಕಿತ್ತು. ಅಲ್ಲೂ ಎರಡು ಶೆಡ್ಡು, ನಡುವೆ ಓಣಿ, ಓಣಿಯ ತುಂಬ ಮೂಟೆ.

ಸಂಕೇಶ್ವರ ಮುಟ್ಟುವ ಮುಂಚೆ ಹಿರಣ್ಯಕೇಶಿ ಹೊಳೆಯ ದಂಡೆಗೆ ಇಳಿದು, ಮೂಡಲಗಿಗೆ ತಾನು ಒಯ್ದಿದ್ದರಷ್ಟೇ ನುಣುಪಾದ ಇನ್ನೊಂದು ಕಲ್ಲನ್ನು ಆರಿಸಿಕೊಂಡಳು.