ದೂರದಿಂದಲೇ ಪ್ರೀತಿ

"ಹಗ್ಗ! ಹಗ್ಗ ದಾಟಬೇಡಿ!" ಎಂದು ಕಾವಲುಗಾರ್ತಿ ಕೂಗುವಷ್ಟರಲ್ಲಿ ಮೂವತ್ತು ಜನ ದಾಟಿಯಾಗಿತ್ತು. ದಾಟಿದವರೆಲ್ಲ ಒಂದೇ ಬಗೆಯ ಹಸಿರು ಅಂಗಿ ತೊಟ್ಟಿದ್ದರು. ಎದೆಯ ಮೇಲೆ ಕಾಡಣ್ಣನ ನಗುಮುಖ. ಅದರ ಕೆಳಗೆ, ಅವನು ವಾರವಾರವೂ ಟಿವಿಯಲ್ಲಿ ಅಂಗೈ ಎತ್ತಿ ಹೇಳುತ್ತಿದ್ದ ಮಾತು: 'ದೂರದಿಂದಲೇ ಪ್ರೀತಿ!'

ಕಾಡಣ್ಣ ಸತ್ತು ನಾಲ್ಕು ದಿನವಾಗಿತ್ತು. ಕಾಡುಪ್ರಾಣಿಗಳ ಬಗ್ಗೆ ಮಾತಾಡಿ ಮನೆಮನೆಯ ಮಕ್ಕಳಿಗೂ ಬೇಕಾದವನಾಗಿದ್ದ ಮನುಷ್ಯ, ಇದೇ ನದಿ ದಂಡೆಯಲ್ಲಿ, ಹಗ್ಗದ ಈಚೆ, ಕ್ಯಾಮೆರಾದ ಮುಂದೆ ಮಾತಾಡುತ್ತಾ ಮಾತಾಡುತ್ತಾ ಎದೆ ಹಿಡಿದುಕೊಂಡು ಕುಸಿದಿದ್ದ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಹನಿಸಿದವಳು ಈ ಕಾವಲುಗಾರ್ತಿಯೇ. ಎಂಟು ವರ್ಷದಿಂದ ಬರುತ್ತಿದ್ದವನು ಒಂದು ದಿನವೂ ಹಗ್ಗ ದಾಟಿರಲಿಲ್ಲ. "ಅಕ್ಕಾ, ಒಂದು ಹೆಜ್ಜೆ ಮುಂದಿಟ್ರೆ ನನ್ನ ಕಿವಿ ಹಿಂಡು" ಎನ್ನುತ್ತಿದ್ದ. ಅವಳಿಗೂ ಒಂದು ಸಲ ಮನಸಾರೆ ಅಳಬೇಕಿತ್ತು. ಈ ಜನ ಅದಕ್ಕೂ ಪುರಸೊತ್ತು ಕೊಟ್ಟಿರಲಿಲ್ಲ.

ಹಗ್ಗದ ಆಚೆ ಇದ್ದದ್ದು ಟಿಟ್ಟಿಭ ಹಕ್ಕಿಗಳ ಏಳು ಗೂಡು. ಗೂಡೆಂದರೆ ಕಡ್ಡಿಯಿಲ್ಲ, ಹುಲ್ಲಿಲ್ಲ. ಬೆಣಚುಕಲ್ಲುಗಳ ನಡುವೆ ಒಂದು ತಗ್ಗು, ತಗ್ಗಿನಲ್ಲಿ ನಾಲ್ಕು ಮೊಟ್ಟೆ. ಬೂದುಬಣ್ಣದ ಮೇಲೆ ಕಪ್ಪು ಚುಕ್ಕೆ. ಕಣ್ಣೆದುರೇ ಇದ್ದರೂ ಕಲ್ಲೆಂದೇ ಅನಿಸಬೇಕು. ನರಿಯ ಕಣ್ಣಿಗೆ ಮಣ್ಣೆರಚಲು ಹಕ್ಕಿ ಕಲಿತ ವಿದ್ಯೆ ಅದು. ಅಭಿಮಾನಿಗಳು ಬರುತ್ತಾರೆಂದು ಅದಕ್ಕೇನು ಗೊತ್ತು? ನಿನ್ನೆ ಸಂಜೆಯಷ್ಟೇ ಅವಳು ಮೊದಲನೇ ಗೂಡಿನ ಪಕ್ಕ ಬೋರಲು ಮಲಗಿ ಕಿವಿಗೊಟ್ಟಿದ್ದಳು. ಚಿಪ್ಪಿನೊಳಗಿನಿಂದಲೇ ಮರಿ ಕೀಂಯ್ ಕೀಂಯ್ ಎಂದಿತ್ತು. ಹಾಗೆ ಕೂಗಿತೆಂದರೆ ಒಂದೆರಡು ದಿನದಲ್ಲಿ ಒಡೆದುಕೊಂಡು ಹೊರಗೆ ಬರುತ್ತದೆ.

ಚಾನೆಲ್ಲಿನ ಮ್ಯಾನೇಜರ್ ಮೈಕ್ ಹಿಡಿದು ಹೇಳುತ್ತಿದ್ದ: "ಪ್ರತಿಯೊಬ್ರೂ ಒಂದೊಂದು ಕಲ್ಲು ಆರಿಸ್ಕೊಂಡು ಬನ್ನಿ. ಕಾಡಣ್ಣ ಬಿದ್ದ ಜಾಗದಲ್ಲಿ ತಂದಿಡಿ. ಅವರು ಪ್ರೀತಿಸಿದ ದಂಡೆಯ ಕಲ್ಲಿಂದಲೇ ಅವರ ಸ್ಮಾರಕ ಆಗ್ಲಿ!"

ಅವಳು ಓಡಿಹೋಗಿ ಅವನ ಮೊಣಕೈ ಹಿಡಿದಳು. "ಸಾರ್, ಕಲ್ಲು ಆರಿಸಿ ಅನ್ಬೇಡಿ! ಅಲ್ಲಿರೋದು ಮೊಟ್ಟೆ! ಎಲ್ರನ್ನೂ ವಾಪಸ್ ಕರೀರಿ!"

ಅವನು ದಂಡೆಯತ್ತ ಒಮ್ಮೆ ಕಣ್ಣು ಹಾಯಿಸಿದ. "ಎಲ್ಲಿದೆಯಮ್ಮಾ ಮೊಟ್ಟೆ? ಬರೀ ಕಲ್ಲಿದೆ."

"ಹಾಗೆ ಕಾಣ್ಲಿ ಅಂತಾನೇ ಇಟ್ಟಿರೋದು!"

"ನೋಡಮ್ಮಾ, ಇದು ಜನರ ಭಾವನೆ. ಇನ್ನು ಅರ್ಧ ಗಂಟೆ ಅಷ್ಟೇ. ಲೈವ್ ಹೋಗ್ತಿದೆ, ಕೈ ಬಿಡು."

ಮನೆಗೆ ಬೆಂಕಿ ಬಿದ್ದಾಗ ಗಳ ಹಿರಿಯುವವರನ್ನು ಅವಳು ನೋಡಿದ್ದಳು. ಅಳುತ್ತಾ ಗಳ ಹಿರಿಯುವವರನ್ನು ನೋಡಿದ್ದು ಇವತ್ತೇ. ಮೇಲೆ ಹಕ್ಕಿಗಳು ಗಂಟಲು ಹರಿದುಕೊಂಡು ಕಿರುಚುತ್ತಿದ್ದವು, ಜನರ ನೆತ್ತಿಗೆ ಎರಗಿ ಎರಗಿ ಮೇಲೇಳುತ್ತಿದ್ದವು. ಮ್ಯಾನೇಜರ್ ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿ ಗಂಟಲು ಗದ್ಗದ ಮಾಡಿಕೊಂಡ. "ನೋಡಿ ವೀಕ್ಷಕರೇ, ಕಾಡಣ್ಣನಿಗಾಗಿ ಇವತ್ತು ಹಕ್ಕಿಗಳೂ ಅಳ್ತಾ ಇವೆ!" ಜನ ಗೊಳೋ ಎಂದರು.

"ಅಳ್ತಿಲ್ಲ ಕಣಯ್ಯಾ, ನಿಮ್ಮ ಮುಖಕ್ಕೆ ಉಗೀತಿವೆ!"

ಅವಳು ಮೈಕಿಗೆ ಕೈ ಹಾಕಿದಳು. ಹಸಿರು ಅಂಗಿಯ ಇಬ್ಬರು ರಟ್ಟೆ ಹಿಡಿದು ಹಿಂದಕ್ಕೆಳೆದರು. "ಸತ್ತವರ ಹೆಸರಲ್ಲಿ ಸೇರಿರೋ ಕಡೆ ಜಗಳ ತೆಗೀತೀಯಲ್ಲ, ನಿನಗೆ ಕರುಳಿಲ್ವಾ?" ಎಂದು ಒಬ್ಬ ಗದರಿದ. ಅವನ ಕಣ್ಣಲ್ಲಿದ್ದದ್ದು ನಿಜವಾದ ನೀರು. ಅದನ್ನು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು. ಮೊಸಳೆ ಕಣ್ಣೀರಾಗಿದ್ದರೆ ಒಂದು ಏಟು ಕೊಟ್ಟು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಕಲ್ಲುಗಳು ಬಂದವು. ಸೊಂಟದೆತ್ತರದ ಗುಡ್ಡೆಯಾಯಿತು. ಜನ ಹಗ್ಗದ ಈಚೆ ಬಂದದ್ದೇ ಹಕ್ಕಿಗಳು ಬಾಯಿ ಮುಚ್ಚಿಕೊಂಡು ನೆಲಕ್ಕಿಳಿದವು, ತಮ್ಮ ತಮ್ಮ ಗೂಡು ಹುಡುಕುತ್ತಾ ಅತ್ತಿಂದಿತ್ತ ನಡೆದಾಡತೊಡಗಿದವು. ಅವಳು ರಟ್ಟೆ ಕೊಸರಿಕೊಂಡು ಮೊದಲನೇ ಗೂಡಿಗೆ ಓಡಿದಳು. ತಗ್ಗಿನಲ್ಲಿ ಬೂಟಿನ ಅಚ್ಚು ಸ್ಪಷ್ಟವಾಗಿತ್ತು. ಮೂರು ಮೊಟ್ಟೆ ಅಪ್ಪಚ್ಚಿಯಾಗಿದ್ದವು, ಚಿಪ್ಪಿನ ಚೂರಿಗೆ ಒದ್ದೆ ಪುಕ್ಕ ಅಂಟಿತ್ತು. ನಾಲ್ಕನೆಯದು ಇರಲಿಲ್ಲ. ಮಂಡಿಯೂರಿ ಸುತ್ತೆಲ್ಲ ಕೈಯಾಡಿಸಿದಳು. ಸಿಕ್ಕಿದ್ದೆಲ್ಲ ಬರೀ ಕಲ್ಲು.

"ಈಗ ಒಂದು ನಿಮಿಷ ಮೌನ" ಎಂದ ಮ್ಯಾನೇಜರ್. ನದಿಯ ಸದ್ದು ಲೈವಿನಲ್ಲಿ ಚೆನ್ನಾಗಿ ಕೇಳಲೆಂದು ಮೈಕನ್ನು ಕಲ್ಲುಗುಡ್ಡೆಯ ನೆತ್ತಿಯ ಮೇಲಿಟ್ಟು ತಲೆ ತಗ್ಗಿಸಿದ. ಇನ್ನೂರು ಜನ ತಲೆ ತಗ್ಗಿಸಿದರು. ಕೆಮ್ಮು ಬಂದವರೂ ಕೆಮ್ಮಲಿಲ್ಲ.

ಆಗ ದಂಡೆಯುದ್ದಕ್ಕೂ ನಿಲ್ಲಿಸಿದ್ದ ಸ್ಪೀಕರುಗಳಿಂದ ಒಂದು ಸಣ್ಣ ದನಿ ಎದ್ದಿತು. ಕೀಂಯ್. ಮತ್ತೆ, ಕೀಂಯ್ ಕೀಂಯ್.

ಕಾವಲುಗಾರ್ತಿ ಎದ್ದು ಗುಡ್ಡೆಯ ಕಡೆ ಓಡತೊಡಗಿದಳು. ಮ್ಯಾನೇಜರ್ ಬಗ್ಗಿಸಿದ ತಲೆ ಎತ್ತದೆಯೇ ಹಲ್ಲು ಕಡಿದ: "ಯಾರದ್ರೀ ಅದು ಮೊಬೈಲು? ಮೊದಲು ಆಫ್ ಮಾಡಿ!"